ತಣ್ಣಗಾಗ್ಯಾನ್ರಿ ಅಕ್ಕಾರ

ಪುಣೆಯ ಆಸ್ಪತ್ರೆಯೊಂದರ ಮಕ್ಕಳ ತುರ್ತು ವಿಭಾಗದಲ್ಲಿ ನಾನು ಸಿಸ್ಟರ್. ಊರು ವಿಜಯಪುರದ ಕಡೆ. ಇಲ್ಲಿಗೆ ಬಂದು 16 ವರ್ಷವಾಯಿತು. ಡ್ಯೂಟಿ ಪಟ್ಟಿಯಲ್ಲಿ ಬರೆಯದ ಇನ್ನೊಂದು ಕೆಲಸವೂ ನನ್ನ ಪಾಲಿಗಿದೆ. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದ ಹಳ್ಳಿಗಳಿಂದ ಬಂದವರು ಇಲ್ಲಿ ಬಹಳ. ಗಂಡಸರು ಹಿಂದಿ, ಮರಾಠಿಯಲ್ಲಿ ಹೇಗೋ ನಿಭಾಯಿಸುತ್ತಾರೆ. ಮಗುವನ್ನು ಎತ್ತಿಕೊಂಡು ಓಡಿ ಬರುವ ತಾಯಿಗೆ ಎಷ್ಟೋ ಸಲ ಕನ್ನಡವೊಂದೇ ಗೊತ್ತು. ಆಗ "ಕಾನಡೀ ಸಿಸ್ಟರ್ ಕುಠೇ ಆಹೆ?" ಎಂಬ ಕೂಗು ಕೇಳುತ್ತದೆ, ನಾನು ಓಡುತ್ತೇನೆ.

ಈ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಅದು ಇಳಿದದ್ದು ಒಂದು ಜೂನ್ ತಿಂಗಳ ಬೆಳಗಿನ ಜಾವ.

ಮೊದಲ ಮಳೆ ಬಿದ್ದ ವಾರ. ವಾಂತಿ, ಜುಲಾಬಿನ ಮಕ್ಕಳು ಸಾಲಾಗಿ ಬರುತ್ತಿದ್ದವು. ಒಂದು ಹಾಸಿಗೆಯ ಮೇಲೆ ಆಗಷ್ಟೇ ಫಿಟ್ಸ್ ನಿಂತ ಹುಡುಗಿ, ಪಕ್ಕದಲ್ಲಿ ಉಬ್ಬಸದಿಂದ ಏದುತ್ತಿದ್ದ ಹುಡುಗ. ಇಪ್ಪತ್ತು ವರ್ಷವೂ ದಾಟಿರದ ಒಬ್ಬ ತಾಯಿ, ಹತ್ತು ತಿಂಗಳ ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಡಾಕ್ಟರು ಉಬ್ಬಸದ ಹುಡುಗನ ಎದೆಗೆ ಸ್ಟೆತಸ್ಕೋಪ್ ಇಟ್ಟವರು, ತಿರುಗದೆಯೇ, ಏನಾಗಿದೆ ಕೇಳಿ ಎಂದರು.

"ಎರಡು ದಿನ ಆತ್ರಿ, ಜುಲಾಬು ಹತ್ಯಾವ. ಮೈ ಕೆಂಡ ಆಗಿತ್ತು. ಈಗ ತಣ್ಣಗಾಗ್ಯಾನ್ರಿ ಅಕ್ಕಾರ. ರಾತ್ರಿಯೆಲ್ಲ ಅತ್ತು ಅತ್ತು ಈಗ ಸುಮ್ಮನ ಮಲಗ್ಯಾನ."

ನಾನು ಮರಾಠಿಗೆ ತಿರುಗಿಸಿದೆ: ಎರಡು ದಿನದಿಂದ ಜುಲಾಬು, ಜ್ವರ ಇತ್ತು, ಈಗ ಇಳಿದಿದೆ, ಮಗು ನಿದ್ದೆ ಮಾಡುತ್ತಿದೆ. ಸರಿ, ಕೂರಿಸಿ, ಇವನನ್ನು ನೋಡಿ ಬರುತ್ತೇನೆ ಎಂದರು ಡಾಕ್ಟರು. ನಾನು ಅವಳಿಗೆ ಬೆಂಚು ತೋರಿಸಿದೆ.

ನಮ್ಮ ಮಾತಿನಲ್ಲಿ ತಣ್ಣಗೆ ಅನ್ನುವುದು ಒಳ್ಳೆಯ ಶಬ್ದ. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತೇವೆ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಅವ್ವ ರಾತ್ರಿಯಿಡೀ ಹಣೆ ಮುಟ್ಟಿ ನೋಡಿ, ಬೆಳಿಗ್ಗೆ ಅಪ್ಪನಿಗೆ "ತಣ್ಣಗಾಗ್ಯಾಳ" ಎಂದರೆ ಮನೆಯೆಲ್ಲ ಉಸಿರು ಬಿಡುತ್ತಿತ್ತು. ಸುಮ್ಮನಾಯಿತು ಅನ್ನುವುದೂ ಹಾಗೆಯೇ. ಅಳುವ ಮಗು ಸುಮ್ಮನಾದರೆ ಯಾರಿಗೆ ಬೇಡ? ನನ್ನ ಕಿವಿಗೆ ಬಿದ್ದದ್ದು ಎರಡು ಒಳ್ಳೆಯ ಸುದ್ದಿ. ಹಾಗೆಯೇ ದಾಟಿಸಿಬಿಟ್ಟೆ.

ಹೆಸರು ಬರೆದುಕೊಳ್ಳಲು ಬಗ್ಗಿದಾಗ ಸೆರಗಿನಿಂದ ಜಾರಿದ ಪುಟ್ಟ ಪಾದ ನನ್ನ ಮುಂಗೈಗೆ ತಾಗಿತು. ರಾತ್ರಿಯೆಲ್ಲ ಹೊರಗಿಟ್ಟ ಸ್ಟೀಲ್ ಲೋಟದ ಹಾಗಿತ್ತು. ಸೆರಗು ಸರಿಸಿದೆ. ಕಣ್ಣು ಗುಳಿ ಬಿದ್ದಿದ್ದವು, ಅರ್ಧ ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ನೆತ್ತಿ ಒಳಗಿಳಿದಿತ್ತು. ಬೆರಳ ತುದಿಯನ್ನು ಒತ್ತಿ ಬಿಟ್ಟೆ. ಆರೋಗ್ಯವಂತ ಮಗುವಿಗೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಮೂರು ದಾಟಿದರೆ ಅಪಾಯ. ನಾನು ಐದು ಎಣಿಸಿದೆ. ಅವರು ಬಾಗಿಲು ದಾಟಿ ಬಂದು ನಾಲ್ಕು ನಿಮಿಷವಾಗಿತ್ತು.

ಇದನ್ನೆಲ್ಲ ವರ್ಷಾವರ್ಷ ಹೊಸ ಹುಡುಗಿಯರಿಗೆ ಕಲಿಸುವವಳು ನಾನೇ. ಮಗುವನ್ನು ಮುಟ್ಟುವ ಮೊದಲು ಅರ್ಧ ನಿಮಿಷ ನೋಡಿ: ತಾಯಿಯ ಮುಖ ನೋಡುತ್ತದೆಯೇ, ಅಳುತ್ತದೆಯೇ, ಕೈಕಾಲು ಆಡಿಸುತ್ತದೆಯೇ, ಉಸಿರಿಗೆ ಕಷ್ಟಪಡುತ್ತದೆಯೇ, ಮೈಬಣ್ಣ ಹೇಗಿದೆ. ಗಟ್ಟಿಯಾಗಿ ಅಳುವ ಮಗುವಿಗೆ ಉಸಿರಿದೆ, ಕಸುವಿದೆ. ಮೊದಲು ಓಡಬೇಕಾದದ್ದು ಸುಮ್ಮನಿರುವ ಮಗುವಿನ ಕಡೆಗೆ. ಮೈಯ ನೀರೆಲ್ಲ ಹೋದಾಗ ದೇಹ ಇದ್ದ ರಕ್ತವನ್ನು ಹೃದಯಕ್ಕೂ ಮಿದುಳಿಗೂ ಉಳಿಸಿಕೊಳ್ಳುತ್ತದೆ, ಕೈಕಾಲಿಗೆ ಬಿಡುವುದಿಲ್ಲ. ಅಂಗೈ, ಅಂಗಾಲು ತಣ್ಣಗಾಗುವುದು ಅದಕ್ಕೇ. ಮಕ್ಕಳ ಹೃದಯ ದೊಡ್ಡವರದರಂತೆ ಇದ್ದಕ್ಕಿದ್ದಂತೆ ನಿಲ್ಲುವುದು ಅಪರೂಪ. ಉಸಿರು ಸೋತು, ಇಲ್ಲವೇ ನೀರು ಬತ್ತಿ, ಕೊನೆಗೆ ನಿಲ್ಲುತ್ತದೆ. ನಿಂತ ಮೇಲೆ ಮರಳಿ ಬರುವವರು ಕಡಿಮೆ. ಅದಕ್ಕೆ ಮೊದಲಿನ ಸ್ವಲ್ಪ ಹೊತ್ತು ಮಾತ್ರ ನಮ್ಮ ಕೈಲಿರುತ್ತದೆ. ಅದರಲ್ಲಿ ನಾಲ್ಕು ನಿಮಿಷವನ್ನು ನಾನು ಬೆಂಚಿನ ಮೇಲೆ ಕೂರಿಸಿದ್ದೆ.

ಎತ್ತಿಕೊಂಡು ಓಡಿದೆ. ಆಕ್ಸಿಜನ್ ಹಾಕಿದೆವು. ತೂಕ 7 ಕಿಲೋ. ಎರಡೂ ಕೈಯಲ್ಲಿ ರಕ್ತನಾಳ ಸಿಗಲಿಲ್ಲ. ಹುಡುಕುತ್ತ ಕೂರುವ ಹೊತ್ತಲ್ಲ. ಡಾಕ್ಟರು ಮೊಣಕಾಲಿನ ಕೆಳಗೆ ನೇರವಾಗಿ ಮೂಳೆಗೇ ಸೂಜಿ ಹಾಕಿದರು. ಮೂಳೆಯೊಳಗಿನ ದಾರಿ ಮುಚ್ಚಿಹೋಗುವುದಿಲ್ಲ. ಮಗ ಸೂಜಿಗೆ ಕಾಲನ್ನೂ ಎಳೆದುಕೊಳ್ಳಲಿಲ್ಲ. ಕಿಲೋಗೆ 20 ಎಂಎಲ್ ಲೆಕ್ಕದಲ್ಲಿ 140 ಎಂಎಲ್ ರಿಂಗರ್ ಲ್ಯಾಕ್ಟೇಟ್ ಅನ್ನು ಸಿರಿಂಜಿನಲ್ಲೇ ತಳ್ಳಿದೆವು. ಸಕ್ಕರೆ 38 ಇತ್ತು, ಗ್ಲೂಕೋಸ್ ಕೊಟ್ಟೆವು. ಮತ್ತೆ ನಾಡಿ, ಮತ್ತೆ ಬೆರಳು. ನಾಲ್ಕು ಸೆಕೆಂಡು. ಇನ್ನೊಮ್ಮೆ 140.

ತಾಯಿ ಗೋಡೆಗೆ ಒರಗಿ ನಿಂತಿದ್ದಳು. "ಏನ ಮಾಡಾಕತ್ತೀರಿ ಅಕ್ಕಾರ, ಮಲಗಿದ್ನಲ್ರಿ" ಎಂದಳು. ಕೈ ಬಿಡುವಿರಲಿಲ್ಲ. "ಮಲಗಿರಲಿಲ್ಲ ತಂಗಿ, ನೀರು ಹೋಗಿ ನಿತ್ರಾಣ ಆಗ್ಯಾನ. ನೀರು ತುಂಬಾಕತ್ತೀವಿ" ಎಂದೆ. ಅವಳು ನೆಲಕ್ಕೆ ಕುಸಿದಳು.

ಎರಡನೆಯ ಸಲದ ನೀರು ಮುಗಿದು ಸ್ವಲ್ಪ ಹೊತ್ತಾಗಿತ್ತು. ಅಂಗಾಲು ಬೆಚ್ಚಗಾಯಿತು. ಹುಬ್ಬು ಗಂಟಿಕ್ಕಿದ. ಆಮೇಲೆ ಬಾಯಿ ತೆರೆದು ಅತ್ತ. ಮೊದಲು ದನಿಯೇ ಇರಲಿಲ್ಲ, ಆಮೇಲೆ ಇಡೀ ವಾರ್ಡು ತಿರುಗುವಷ್ಟು.

ಆಮೇಲೆ ಡಾಕ್ಟರು ಕೇಳಿದರು, ಜ್ವರ ಇಳಿದಿದೆ ಎಂದು ತಾಯಿ ಹೇಳಿದಳೇ? ಇಲ್ಲ, ಅದು ನನ್ನ ಮಾತು, ಮಗು ತಣ್ಣಗಾಗಿದೆ ಎಂದಿದ್ದಳು ಎಂದೆ. ಅವರು ಬೈಯಲಿಲ್ಲ. ನಾನೂ ತಿರುಗಿ ನೋಡಲಿಲ್ಲ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಎರಡು ದಿನ ಅವನಿಗೆ ಏನು ಕುಡಿಸಿದೆ ಎಂದು ತಾಯಿಯನ್ನು ಕೇಳಿದೆ. ನೀರು ಕುಡಿಸಿದರೆ ಇನ್ನೂ ಹೋಗುತ್ತದೆಂದು ಪಕ್ಕದ ಶೆಡ್ಡಿನವರು ಹೇಳಿದರಂತೆ, ನಿಲ್ಲಿಸಿದ್ದಳು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ, ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಿಂದಲೇ ಕುಡಿಸಿ ಕಾಲರಾದವರನ್ನು ಉಳಿಸಿದರು. ಆ ಓಆರ್‌ಎಸ್ ಇಂದು ಎಲ್ಲ ಮೆಡಿಕಲ್ ಅಂಗಡಿಯಲ್ಲಿದೆ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಚಮಚದಿಂದ ಕುಡಿಸಬೇಕು, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಬೇಕು, ಎದೆಹಾಲು ನಿಲ್ಲಿಸಬಾರದು. ಅವಳ ಭಾಷೆಯಲ್ಲಿ ಇದನ್ನು ಹೇಳುವವರು ಆ ಶೆಡ್ಡುಗಳ ಹತ್ತಿರ ಯಾರೂ ಸುಳಿದಿರಲಿಲ್ಲ. ಭಾನುವಾರ ಅದೇ ರಸ್ತೆಯಲ್ಲಿ ಕನ್ನಡ ಸಂಘಕ್ಕೆ ಹೋಗುವ ನಾನೂ ಸೇರಿ.

ಈಗ ಕೂಗು ಬಂದರೆ ಮೊದಲು ನನ್ನ ಕೈ ಮಗುವಿನ ಪಾದಕ್ಕೆ ಹೋಗುತ್ತದೆ. ಆಮೇಲೆ ಕೇಳುತ್ತೇನೆ: ಮೊಲಿ ಕುಡದಾನೇನು? ಉಚ್ಚಿ ಯಾವಾಗ ಹೊಯ್ದ? ನಿನ್ನ ಮಾರಿ ನೋಡತಾನೇನು? ತಾಯಿ ಹೇಳಿದ್ದನ್ನೂ ನನ್ನ ಕೈಗೆ ಗೊತ್ತಾದದ್ದನ್ನೂ ಬೇರೆ ಬೇರೆಯಾಗಿ ಹೇಳುತ್ತೇನೆ.

ನಾಲ್ಕನೆಯ ದಿನ ಅವರು ಮನೆಗೆ ಹೊರಟರು. ಮಗ ಟೋಪಿ ಕಿತ್ತೆಸೆದು, ಕಾಲು ಝಾಡಿಸಿ, ಒಂದೇ ಸಮನೆ ರಂಪ ಮಾಡುತ್ತಿದ್ದ. ಅವಳಿಗೆ ಸಂಕೋಚ.

"ಭಾಳ ಅಳತಾನ್ರಿ ಅಕ್ಕಾರ, ಎಲ್ಲಾರಿಗೂ ತ್ರಾಸು."

"ಅಳ್ಲಿ ಬಿಡು ತಂಗಿ" ಎಂದೆ.