ಕೂರಿಗೆ ಎಂಬ ಒಂದು ಪದ

ಆದವಾನಿ ಸೀಮೆಯ ಕಾಲೇಜೊಂದರಲ್ಲಿ ಐಚ್ಛಿಕ ಕನ್ನಡ ಓದುವ ವಿದ್ಯಾರ್ಥಿನಿಯೊಬ್ಬಳಿಗೆ ತನ್ನೂರಿನ ಕೃಷಿಪದವೊಂದಕ್ಕೆ ಅರ್ಥ ಬರೆದು ತರುವ ಕೆಲಸ ಬಂದಿತು. ಅವಳು ‘ಕೂರಿಗೆ’ಯನ್ನು ಆಯ್ದುಕೊಂಡು, ‘ಹೊಲದಲ್ಲಿ ಬಳಸುವ ಸಾಧನ’ ಎಂದು ಬರೆದಳು. ಹಾಗಾದರೆ ಕುಂಟೆಯೂ ಕೂರಿಗೆಯೇ ಎಂದು ಅಜ್ಜ ನಕ್ಕರು. ‘ಬೀಜ ಬಿತ್ತುವ ಸಾಧನ’ ಎಂದು ತಿದ್ದಿದಳು. ಅಷ್ಟರಿಂದಲೂ ಅದರ ರೂಪ ಕಣ್ಣಿಗೆ ಕಟ್ಟಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತೆಲುಗು ಎಂಬಂತೆ ಬೆಳೆದ ಅವಳನ್ನು, ಭಾಷೆ ತನಗೆ ಒಲಿದಿಲ್ಲವೆಂಬ ಅಳುಕು ಕಾಡತೊಡಗಿತು.

ಮಾದರಿಯನ್ನು ಅರಸಿ ಗ್ರಂಥಾಲಯದಲ್ಲಿ ಕಿಟ್ಟೆಲ್ ನಿಘಂಟನ್ನು ತೆರೆದಳು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ಹೊತ್ತಗೆ ಒಬ್ಬನೇ ಪ್ರತಿಭಾಶಾಲಿಯ ಸೃಷ್ಟಿಯೆಂಬಂತೆ ತೋರುತ್ತದೆ. ಆದರೆ ಅದರ ಹಿಂದೆ ಮೆಟ್ಟಿಲುಗಳಿವೆ. ಬಳ್ಳಾರಿಯಲ್ಲಿ ಮಿಷನರಿಯಾಗಿದ್ದ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಪ್ರಕಟವಾಗಿತ್ತು. ಡೇನಿಯಲ್ ಸ್ಯಾಂಡರ್‌ಸನ್ ಅದನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್, ನಿಘಂಟಿಗೆ ಮೊದಲೇ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಭಾಷೆಯ ನಡೆಯನ್ನು ಅರಿತಿದ್ದರು. ಬಂದ ವರ್ಷಕ್ಕೂ ನಿಘಂಟು ಹೊರಬಂದ ವರ್ಷಕ್ಕೂ ನಡುವೆ 41 ವರ್ಷಗಳ ಅಂತರವಿದೆ. ಅಲ್ಲಿಗೂ ಕೆಲಸ ಮುಗಿಯಲಿಲ್ಲ: ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು; ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಬೃಹತ್ ನಿಘಂಟನ್ನು ಕಟ್ಟಿತು.

1953ರವರೆಗೆ ಆದವಾನಿಯೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ರೀವ್ ಕಿವಿಗೊಟ್ಟ ಕನ್ನಡ ತನ್ನ ಅಜ್ಜನ ಹಿರಿಯರ ನುಡಿಗೆ ದೂರದ್ದಾಗಿರಲಾರದು ಎಂದು ಅವಳಿಗೆ ಅನ್ನಿಸಿತು. ಅಂಥವರ ಬರಹವೇ ಮತ್ತೆ ಮತ್ತೆ ತಿದ್ದುಪಡಿಗೆ ಒಳಗಾಗಿರುವಾಗ, ಹರಿದ ಎರಡು ಹಾಳೆಗಳಿಗೆ ನಾಚಬೇಕಾದುದೇನು?

ಅಂದು ಸಂಜೆ ಅಜ್ಜನೊಡನೆ ಕೊಟ್ಟಿಗೆಗೆ ಹೋದಳು. ಹೊಲಕ್ಕೆ ಟ್ರ್ಯಾಕ್ಟರ್ ಬಂದಂದಿನಿಂದ ಮೂಲೆ ಸೇರಿದ್ದ ಕೂರಿಗೆಯ ಧೂಳನ್ನು ಒರೆಸಿ, ಭಾಗಭಾಗವನ್ನೂ ಮುಟ್ಟಿ ನೋಡಿ ಬರೆದಳು: ‘ಎತ್ತುಗಳಿಂದ ಎಳೆಯಿಸುವ ಬಿತ್ತನೆಯ ಸಾಧನ, ಮೇಲಿನ ಬಟ್ಟಲಿಗೆ ಹಾಕಿದ ಬೀಜ ಬಿದಿರಿನ ಕೊಳವೆಗಳ ಮೂಲಕ ಇಳಿದು, ತಾಳುಗಳು ಸೀಳಿದ ಸಾಲಿಗೆ ಬೀಳುತ್ತದೆ.’

ಅಧ್ಯಾಪಕರು ಮೆಚ್ಚಿದರು, ಅಂಚಿನಲ್ಲಿ ‘ತಾಳುಗಳೆಷ್ಟು?’ ಎಂದು ಗುರುತು ಹಾಕಿದರು. ಈ ಬಾರಿ ಅವಳು ಹಾಳೆಯನ್ನು ಹರಿಯಲಿಲ್ಲ. ಅದನ್ನು ಮಡಚಿಕೊಂಡು ಮತ್ತೆ ಕೊಟ್ಟಿಗೆಯ ಕಡೆ ನಡೆದಳು.