ಹೊಸಪೇಟೆಯಿಂದ ಅಕ್ಕನಿಗೆ

ಹೊಸಪೇಟೆ
ಭಾನುವಾರ, ರಾತ್ರಿ ಹನ್ನೆರಡು ದಾಟಿದೆ

ಪ್ರೀತಿಯ ಅಕ್ಕ,

ಮೊದಲು ಮನೆ ಮಾತು ಮುಗಿಸಿಬಿಡ್ತೀನಿ. ಅಮ್ಮನ ಬಿಪಿ ಮಾತ್ರೆ ಬುಧವಾರಕ್ಕೆ ಖಾಲಿ ಆಗುತ್ತೆ. ಡಾಕ್ಟರ ಚೀಟಿ ಫ್ರಿಜ್ ಮೇಲಿನ ಡಬ್ಬಿಯಲ್ಲಿದೆ, ಭಾವನ ಹತ್ತಿರ ತರಿಸು. ನನ್ನ ಬಗ್ಗೆ ಯೋಚನೆ ಬೇಡ. ಬಿಸಿಲಿಗೆ ಮುಖ ಕಪ್ಪಾಗಿದೆ ಅಷ್ಟೆ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗ್ತಿದೆ.

ಹಂಪಿ ನೋಡಿದೆ. ಐವತ್ತರ ನೋಟಿನ ಮೇಲಿರೋ ಕಲ್ಲಿನ ರಥ, ಉಗ್ರನರಸಿಂಹ, ಕಮಲ ಮಹಲ್, ಎಲ್ಲಾ ನೀನು ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದ್ದೇ. ಮಾತಂಗ ಬೆಟ್ಟಕ್ಕೆ ಕತ್ತಲಲ್ಲೇ ಹತ್ತಿದೆ. ಸೂರ್ಯ ಹುಟ್ಟುವಾಗ ಬೆಳಕು ಓರೆಯಾಗಿ ಬೀಳೋದರಿಂದ ಬಂಡೆಗಳ ಒಂದೊಂದು ತರಿಯೂ ಎದ್ದು ಕಾಣುತ್ತೆ. ಹತ್ತು ಗಂಟೆಗೆ ಅದೇ ಬಂಡೆ ಬರೀ ಬಿಳಿ ಗುಡ್ಡೆ. ನನಗೆ ಬಹಳ ಹಿಡಿಸಿದ್ದು ವಿರೂಪಾಕ್ಷ ಗುಡಿಯ ಹಿಂದಿನ ಆ ಕತ್ತಲೆ ಕೋಣೆ. ಸಣ್ಣ ಕಿಂಡಿಯಿಂದ ಬಂದ ಬೆಳಕು ದೊಡ್ಡ ಗೋಪುರವನ್ನ ತಲೆಕೆಳಗು ಮಾಡಿ ಗೋಡೆ ಮೇಲೆ ಮೂಡಿಸುತ್ತೆ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಹಿಂದಿನವರು ತಳ್ಳಿದರೂ ಅಲ್ಲಿಂದ ಕದಲೋಕೆ ಮನಸ್ಸಾಗಲಿಲ್ಲ.

ಈಗ ನಿನಗೆ ಹೇಳಲೇಬೇಕಾದ ವಿಷಯ. ನಿನ್ನೆ ಕ್ಯಾಮೆರಾದ ಕಾರ್ಡ್ ರೀಡರ್ ಕೈಕೊಟ್ಟಿತು. ಇನ್ನೊಂದು ಹುಡುಕ್ತಾ ಒಂದು ಹಳೇ ಸ್ಟುಡಿಯೋಗೆ ಹೋದೆ. ಅಲ್ಲಿದ್ದ ಹಿರಿಯರು ರೀಡರ್ ಕೊಟ್ಟರು, ದುಡ್ಡು ಮುಟ್ಟಲಿಲ್ಲ. "ಕುಂದರ್ರಿ, ಏನ್ ತಗದೀರಿ ನೋಡೋಣ" ಅಂದರು. ಸಂಜೆ ಕೂತವನು ಎದ್ದಾಗ ಬೀದಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ನಡುವೆ ಅವರ ಮನೆಯಿಂದ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಬಂತು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೆರಡು ಹಾಕಿಸಿಕೊಂಡೆ.

ಅವರು ರೀಲು ಕಾಲದವರು. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ರಿಟಚಿಂಗ್ ಮಾಡಿದವರು. ಆ ಪೆನ್ಸಿಲ್ ಇನ್ನೂ ಇಟ್ಟಿದ್ದಾರೆ, ಸೀಸವನ್ನ ಸೂಜಿ ಹಾಗೆ ಉದ್ದಕ್ಕೆ ಚೂಪು ಮಾಡಿದ್ದು. ಮುಖದ ಸುಕ್ಕು ನೆಗೆಟಿವ್‌ನಲ್ಲಿ ತೆಳ್ಳಗೆ ಕಾಣುತ್ತಂತೆ, ಅಲ್ಲಿ ಸೀಸ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ಆಮೇಲೆ ನನ್ನ ಲ್ಯಾಪ್‌ಟಾಪ್ ಪರದೆ ಮುಂದೆ ಕೈ ಅಡ್ಡ ಹಿಡಿದು, ಬೆರಳು ಅಲುಗಿಸ್ತಾ, ಡಾರ್ಕ್‌ರೂಮಿನಲ್ಲಿ ಪ್ರಿಂಟಿಗೆ ಎಲ್ಲಿ ಬೆಳಕು ತಡೀತಿದ್ದರು, ಎಲ್ಲಿ ಜಾಸ್ತಿ ಬಿಡ್ತಿದ್ದರು ಅಂತ ತೋರಿಸಿದರು. ನಾವು ಸಾಫ್ಟ್‌ವೇರಿನಲ್ಲಿ ಒತ್ತೋ ಡಾಡ್ಜ್, ಬರ್ನ್ ಅನ್ನೋದು ಅದೇ ಕೈ.

ನನ್ನ ರಥದ ಫೋಟೋ ತೆರೆದು ಅವರು ಕೇಳಿದ್ದು ಒಂದೇ: "ಬೆಳಕು ಎಲ್ಲಿಂದ ಬಂದೈತ್ರಿ?" ಎಡದಿಂದ ಅಂದೆ. ಹಾಗಾದರೆ ಬಲಗಡೆ ನೆರಳನ್ನ ಪೂರ್ತಿ ಎತ್ತಬಾರದು, ಎತ್ತಿದರೆ ಕಲ್ಲು ರಟ್ಟಿನ ಹಾಗೆ ಕಾಣುತ್ತೆ ಅಂದರು. ಮೊದಲು ವೈಟ್ ಬ್ಯಾಲೆನ್ಸ್, ಆಮೇಲೆ ಹೈಲೈಟ್, ಆಮೇಲೆ ಶ್ಯಾಡೋ, ಬಣ್ಣ ಕಡೆಗೆ. ಹಿಸ್ಟೋಗ್ರಾಮ್ ಬಲಗಡೆ ಗೋಡೆಗೆ ಬಡಿದರೆ ಆಕಾಶದ ಆ ಭಾಗ ಹೋದಂತೆ, ಯಾವ ಎಡಿಟಿಂಗೂ ಅದನ್ನ ವಾಪಸ್ ತರಲ್ಲ. ರಾ ಫೈಲಿನಲ್ಲಿ ತೆಗೀತಿದ್ದೀನಿ ಅಂದಾಗ ಖುಷಿಪಟ್ಟರು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ, ನನ್ನ ಕ್ಯಾಮೆರಾದ 14 ಬಿಟ್ ರಾ ಫೈಲಿನಲ್ಲಿ 16,384. ನೆರಳಲ್ಲಿರೋ ಕೆತ್ತನೆ ಮೆಲ್ಲಗೆ ಹೊರಗೆ ತರೋಕೆ ಅಷ್ಟು ಬೇಕೇ ಬೇಕು.

ರಥದ ಮುಂದಿನ ಹಗ್ಗದ ಬೇಲಿ ಅಳಿಸಿಬಿಡಲಾ ಅಂತ ಕೇಳಿದೆ. ಅವರು ಮಾತಾಡದೆ ಒಂದು ಪುಸ್ತಕ ತೆಗೆದರು. 1856ರಲ್ಲಿ ಗ್ರೀನ್‌ಲಾ ಅನ್ನೋ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ ಮೇಣದ ಕಾಗದದ ನೆಗೆಟಿವ್‌ನಲ್ಲಿ ತೆಗೆದ ಹಂಪಿ. ಅದರಲ್ಲಿ ರಥದ ಮೇಲೆ ಇಟ್ಟಿಗೆ ಗೋಪುರ ಇದೆ ಅಕ್ಕ! ಈಗ ಅದರ ಕುರುಹೂ ಇಲ್ಲ. ಅದಾಗಿ ನೂರಿಪ್ಪತ್ತು ವರ್ಷದ ಮೇಲೆ ಜಾನ್ ಗೋಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಬಿತ್ತು, ಏನು ಉಳಿಯಿತು ಗೊತ್ತಾಗುತ್ತೆ. "ಗೋಡಿಗೆ ಹಾಕೋದಾದ್ರ ಬೇಲಿ ತಗೀರಿ. ಮೂಲ ಫೈಲ್ ಮಾತ್ರ ಹಂಗ ಇರ್ಲಿ" ಅಂದರು. ನಾನು ತೆಗೀಲಿಲ್ಲ.

ಇದನ್ನ ಇಷ್ಟುದ್ದ ಬರೆಯೋದು ಗಾಜಿಗೆ ಅಂಟಿಕೊಂಡಿರೋ ಅಪ್ಪನ ಹಳೇ ಫೋಟೋ ವಿಷಯಕ್ಕೆ. ನೀನು ಆಪ್‌ನಲ್ಲಿ ಹಾಕಿ ಕಳಿಸಿದ್ದನ್ನ ಅವರಿಗೂ ತೋರಿಸಿದೆ. ಮುಖ ಚೊಕ್ಕವಾಗಿದೆ, ಬೇಜಾರು ಮಾಡ್ಕೋಬೇಡ, ಆ ಕಣ್ಣು ಅಪ್ಪನದಲ್ಲ. ಅಪ್ಪನ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿರ್ತಿತ್ತಲ್ಲ, ಆಪ್ ಅದನ್ನ ಎತ್ತಿ ಸರಿ ಮಾಡಿಬಿಟ್ಟಿದೆ. ಮೂಲ ಫೋಟೋದಲ್ಲಿ ಮಸುಕಾಗಿ ಅದು ಇದೆ. ನಾನೇ ಕೂತು ಕಲೆಗಳನ್ನ ಒಂದೊಂದಾಗಿ ತೆಗೀತೀನಿ, ಮುಖ ಮುಟ್ಟಲ್ಲ.

ದಯವಿಟ್ಟು ಗಾಜಿನಿಂದ ಫೋಟೋ ಕೀಳಬೇಡ. ಅಂಟಿಕೊಂಡ ಜಾಗದಲ್ಲಿ ಎಳೆದರೆ ಚಿತ್ರದ ಪದರವೇ ಗಾಜಿಗೆ ಹೋಗುತ್ತಂತೆ. ಗಾಜಿನ ಸಮೇತ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ತೇವ ಇಲ್ಲದ ಕಡೆ ಮಲಗಿಸಿಡು. ಎರಡು ಪಕ್ಕದಿಂದ ಓರೆಯಾಗಿ ದೀಪ ಇಟ್ಟು, ಗಾಜಲ್ಲಿ ನನ್ನ ಪ್ರತಿಬಿಂಬ ಕಾಣದ ಹಾಗೆ ಕ್ಯಾಮೆರಾ ಮುಂದೆ ಕಪ್ಪು ಬಟ್ಟೆ ಕಟ್ಟಿ, ಲೆನ್ಸಿನಷ್ಟೇ ತೂತು ಬಿಟ್ಟು ತೆಗೆಯೋದು ಹೇಳಿಕೊಟ್ಟಿದ್ದಾರೆ. ಅಮ್ಮನ ಕಪ್ಪು ಶಾಲು ಸಾಕಾಗಬಹುದು, ಒಗೆಯೋಕೆ ಹಾಕಿದ್ದರೆ…

ಕರೆಂಟ್ ಬಂತು, ಬ್ಯಾಟರಿ ಚಾರ್ಜಿಗೆ ಹಾಕಿ ಬಂದೆ. ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡಿದ್ದೀನಿ. ಅರ್ಧ ಕೆಜಿ ಸಾಕಾ, ಇಲ್ಲ ಚಿಕ್ಕಮ್ಮನ ಮನೆಗೂ ಅಂದರೆ ಬೆಳಗ್ಗೆ ಬಸ್ಸಿಗೆ ಮುಂಚೆ ಇನ್ನೊಂದು ಸಲ ಆ ಅಂಗಡಿಗೆ…