ಅವ್ವನ ಸೀರೆಯ ದಡಿ

ಅವ್ವನ ಮದುವೆಯಲ್ಲಿ ಅವಳ ತಾಯಿ ಉಡಿಸಿದ್ದ ಇಳಕಲ್ ಸೀರೆಯನ್ನು ಮೊನ್ನೆ ಟ್ರಂಕಿನಿಂದ ಹೊರತೆಗೆದಾಗ ಅದು ಮಡಿಕೆ ಬಿದ್ದಲ್ಲೆಲ್ಲ ಪಿಸಿದುಹೋಗಿತ್ತು. ಅವ್ವ ಅಳಲಿಲ್ಲ. “ಇಂಥಾದ್ದ ಇನ್ನೊಂದು ಸಿಕ್ಕರ ತಂದುಕೊಡು ತಮ್ಮಾ” ಎಂದಷ್ಟೇ ಅಂದಳು. ಎಂ.ಎ. ಓದಿದ ಮಗನಿಗೆ ಇದೇನು ಮಹಾಕಾರ್ಯವೆಂದು ನಾನು ಸೀರೆಯ ಚಿತ್ರ ತೆಗೆದು, ಫೋನಿನಲ್ಲಿರುವ ಚಿತ್ರ ಹುಡುಕುವ ಯಂತ್ರಕ್ಕೆ ಒಪ್ಪಿಸಿದೆ. ಕ್ಷಣಾರ್ಧದಲ್ಲಿ ಕೆಂಪು ಸೆರಗುಗಳು ಸಾಲುಗಟ್ಟಿ ನಿಂತವು.

ಅವ್ವ ಒಂದೊಂದನ್ನೇ ನೋಡಿ ತಲೆಯಲ್ಲಾಡಿಸಿದಳು. “ಸೆರಗಿನ ಬಣ್ಣಕ್ಕ ಮರುಳಾಗಬ್ಯಾಡ, ದಡಿ ನೋಡು. ನಂದು ಗೋಮಿ. ಇದು ಚಿಕ್ಕಿ.”

ನಿಜ ಹೇಳುವುದಾದರೆ ಯಂತ್ರಕ್ಕೆ ಹೇಗೋ ಹಾಗೆ ನನಗೂ ಅವೆರಡೂ ಒಂದೇ ಆಗಿ ಕಂಡಿದ್ದವು. ಈ ನಾಚಿಕೆಯಲ್ಲಿಯೇ ಮರುದಿನ ನಮ್ಮ ಕಾಲೇಜಿನ ಗಣಿತದ ಮೇಷ್ಟರನ್ನು ಹಿಡಿದು, ಯಂತ್ರವು ಹೋಲಿಕೆಯನ್ನು ಕಲಿಯುವ ಬಗೆಯನ್ನು ವಿಚಾರಿಸಿದೆ.

ನರಜಾಲವೆಂದು ಕರೆಯುವ ಆ ಗಣಿತವ್ಯವಸ್ಥೆಯು ಚಿತ್ರವನ್ನು ಅಂಕೆಗಳ ಮಾಲೆಯಾಗಿ ಮಾರ್ಪಡಿಸುತ್ತದೆಯಂತೆ. 2015ರಲ್ಲಿ ಗೂಗಲ್‌ನ ಸಂಶೋಧಕರು ಮುಖ ಗುರುತಿಸಲೆಂದು ರಚಿಸಿದ ಫೇಸ್‌ನೆಟ್‌ನಲ್ಲಿ ಒಂದು ಮುಖಕ್ಕೆ 128 ಅಂಕೆಗಳು. ಮಾಲೆಗಳು ಹತ್ತಿರವಾದರೆ ಒಬ್ಬರೇ ವ್ಯಕ್ತಿ, ದೂರವಾದರೆ ಬೇರೆಯವರು. ಪಾಠ ನಡೆಯುವುದು ಮೂರು ಮೂರು ಚಿತ್ರಗಳಿಂದ: ಒಂದು ಮುಖ, ಅದೇ ವ್ಯಕ್ತಿಯ ಇನ್ನೊಂದು ಚಿತ್ರ, ಬೇರೊಬ್ಬರದೊಂದು. ಅದೇ ವ್ಯಕ್ತಿಯ ಚಿತ್ರವು ಬೇರೆಯವರದಕ್ಕಿಂತ ಗೊತ್ತುಪಡಿಸಿದಷ್ಟು ಅಂತರದಿಂದ ಸಮೀಪವಾಗುವಂತೆ ಯಂತ್ರವು ತನ್ನನ್ನು ತಿದ್ದಿಕೊಳ್ಳುತ್ತ ಹೋಗಬೇಕು.

ಸ್ವಾರಸ್ಯವೆಲ್ಲ ಆ ಮೂರನೆಯದರ ಆಯ್ಕೆಯಲ್ಲಿದೆ. ಇಳಕಲ್ಲಿನ ಪಕ್ಕದಲ್ಲಿ ಬನಾರಸಿಯನ್ನಿಟ್ಟರೆ ತಿದ್ದಿಕೊಳ್ಳುವುದಕ್ಕೆ ಏನೂ ಉಳಿಯದು; ಪಾಠ ವ್ಯರ್ಥ. ಹಾಗೆಂದು ಅತಿ ಕಠಿಣವಾದುವನ್ನೇ ಮೊದಲಿಗೆ ಸುರಿದರೆ, ಯಂತ್ರವು ಎಲ್ಲ ಚಿತ್ರಗಳಿಗೂ ಒಂದೇ ಉತ್ತರ ಕೊಟ್ಟು ಕುಳಿತುಬಿಡುವುದುಂಟು. (ನನ್ನ ತರಗತಿಯ ಕೊನೆಯ ಬೆಂಚು ನೆನಪಾಯಿತು.) ಆದ್ದರಿಂದ ಫೇಸ್‌ನೆಟ್‌ನವರು ನಡುವಿನದನ್ನು ಆರಿಸಿದರು: ಬೇರೆಯೆಂದು ಆಗಲೇ ತಿಳಿದಿದೆ, ಆದರೆ ಇನ್ನೂ ಸಾಕಷ್ಟು ದೂರ ಸರಿದಿಲ್ಲ, ಅಂಥದನ್ನು.

ಸೀರೆಗಳ ವಿಷಯದಲ್ಲಿ ಅಂಥ ಮೂರನೆಯದನ್ನು ಆರಿಸಿ ಗೋಮಿಯ ಪಕ್ಕದಲ್ಲಿ ಇಡಬಲ್ಲವರು ಯಾರು? ನಮ್ಮ ಮನೆಯಲ್ಲಂತೂ ಅವ್ವನೊಬ್ಬಳೇ. ಅವಳಿಗೀಗ ಅರವತ್ತೆಂಟು; ಎಡಗಣ್ಣಿಗೆ ಪೊರೆ ಬರುತ್ತಿದೆ.

ಈಗ ಭಾನುವಾರಗಳಂದು ನಾನು ದಡಿಗಳ ಚಿತ್ರಗಳನ್ನು ಮೂರು ಮೂರಾಗಿ ಹಾಸಿಕೊಂಡು ಅವಳೆದುರು ಕೂರುತ್ತೇನೆ. ಕಳೆದ ವಾರ ಹತ್ತರಲ್ಲಿ ಆರು ಸರಿಯಾದವು. “ಇನ್ನೂ ಕಲಿಯೂದೈತಿ” ಎಂದು ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.